ಮಾರಕ್ಕನ ಮುಖಕ್ಕೆ ನಾನು ಹಚ್ಚಿದ ಬಣ್ಣ

ನಾನು ನಿವೃತ್ತನಾಗುವುದಕ್ಕೆ ಮೂರು ವರ್ಷ ಮುಂಚಿನ ಮಾತು. ಹಿಂದೂಪುರದವನಾದ ನಾನು ಆಗ ಒಂದು ತೆಲುಗು ಚಿತ್ರಕ್ಕೆ ಇದ್ದೊಬ್ಬ ಮೇಕಪ್ ಮ್ಯಾನ್. ಕಲ್ಯಾಣದುರ್ಗದ ಲಾಡ್ಜಿನಲ್ಲಿ ತಂಡದ ಬಿಡಾರ, ಸೆಟ್ಟೂರಿನ ಕಡೆಯ ಬಯಲಿನಲ್ಲಿ ಶೂಟಿಂಗ್. ಕಥಾನಾಯಕಿ ಕುರಿ ಕಾಯುವ ಹೆಣ್ಣು. ಆ ಪಾತ್ರಕ್ಕೆ ಮುಂಬೈಯಿಂದ ಬಂದಾಕೆಯದು ಹಾಲಿನಂಥ ಬಣ್ಣ.

ಮೊದಲ ದಿನವೇ ನಿರ್ದೇಶಕರು ಲ್ಯಾಪ್‌ಟಾಪಿನಲ್ಲಿ ಐವತ್ತರ ದಶಕದ ಒಂದು ಸ್ಪ್ಯಾನಿಷ್ ಚಿತ್ರ ತೋರಿಸಿದರು. ಅಲ್ಲಿನ ಅಲೆಮಾರಿ ಜನರಿಗೆ ಗಿಟಾನೋ ಎನ್ನುತ್ತಾರೆ. ಆ ಜನರ ಹುಡುಗಿಯಾಗಿ ಬೆಳ್ಳನೆಯ ತಾರೆಯೊಬ್ಬಳು ಕಂದು ಬಳಿದುಕೊಂಡು ಕುಣಿಯುತ್ತಿದ್ದಳು. ನಿಜವಾದ ಗಿಟಾನೋಗಳು ಹಿಂದೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಆಫ್ರಿಕಾದ ಆಳಿನ ಪಾತ್ರದಲ್ಲೂ ಮಸಿ ಬಳಿದ ಬಿಳಿಯನೇ. "ಈ ಲುಕ್ ಬೇಕು" ಎಂದರು ನಿರ್ದೇಶಕರು. ನನ್ನ ಕಣ್ಣು ಹೋದದ್ದು ಆ ತಾರೆಯ ಮಣಿಕಟ್ಟಿಗೆ. ಬಣ್ಣ ಅಲ್ಲಿಗೇ ಮುಗಿದು ಹಸ್ತ ಬಿಳಿಯಾಗಿ ಕಾಣುತ್ತಿತ್ತು. ಎಂಥ ಕೆಟ್ಟ ಕೆಲಸ ಎಂದು ನಕ್ಕೆ. ಕಸುಬಿನ ತಪ್ಪು ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ.

ಬೆಳ್ಳಗಿರುವವರನ್ನು ಕಪ್ಪು ಮಾಡುವುದಕ್ಕೆ ನಮ್ಮಲ್ಲಿ ಡಲ್ ಮೇಕಪ್ ಎನ್ನುತ್ತಾರೆ. ನಾನು ಬಣ್ಣ ಬೆರೆಸಿ ಊರಿನವರೊಬ್ಬರ ಮುಂಗೈಗೆ ಹಚ್ಚಿ ನೋಡುತ್ತಿದ್ದೆ. ಚರ್ಮದಲ್ಲಿ ಕಾಣದಂತೆ ಕರಗಿಹೋದರೆ ಅದೇ ಶೇಡ್. ಈ ಸಲ ಮುಂಗೈ ಚಾಚಿದವಳು ಮಾರಕ್ಕ, ನಲವತ್ತು ದಾಟಿದ, ಮನೆಮಾತು ಕನ್ನಡದ ಕುರಿಗಾಹಿ. ನಾಯಕಿಗೆ ಕಂಬಳಿ ಹೊದೆಯುವುದನ್ನೂ ಕುರಿ ಕೂಗುವುದನ್ನೂ ಕಲಿಸಿದವಳು ಅವಳೇ. ಅದಕ್ಕೆ ಮೆಚ್ಚಿ ನಿರ್ದೇಶಕರು ಅವಳಿಗೊಂದು ಪಾತ್ರ ಕೊಟ್ಟರು. ಒಂದು ದೃಶ್ಯ, ಎರಡು ಮಾತು. ಮಾರಕ್ಕ ಊರಿಗೆಲ್ಲ ಸಾರಿಬಿಟ್ಟಳು.

"ತೆರೆ ಮ್ಯಾಲೆ ನಮ್ಮೋರ ಮಕ ಬತ್ತೈತೆ ಕಣಣ್ಣ, ಇದೇ ಮೊದ್ಲು" ಎಂದು ನನಗೂ ಹೇಳಿದಳು.

ಆ ದೃಶ್ಯದ ದಿನ ನಾಯಕಿಯನ್ನೂ ಮಾರಕ್ಕನನ್ನೂ ಅಕ್ಕಪಕ್ಕ ನಿಲ್ಲಿಸಿದರು. ಮಾನಿಟರ್ ನೋಡಿದ ನಿರ್ದೇಶಕರ ಹುಬ್ಬು ಗಂಟಾಯಿತು. ಶೇಡ್ ಒಂದೇ ಇದ್ದರೂ ಬಿಸಿಲು ಕುಡಿದ ಚರ್ಮದ ಪಕ್ಕದಲ್ಲಿ ನನ್ನ ಬಣ್ಣ ಬರೀ ಬಣ್ಣವಾಗಿ ಕಾಣುತ್ತಿತ್ತು. ನಾಯಕಿಯನ್ನು ತಿದ್ದು ಎನ್ನುತ್ತಾರೆ ಅಂದುಕೊಂಡೆ. ಅವರು ಮಾರಕ್ಕನ ಕಡೆ ಬೆರಳು ತೋರಿಸಿ, "ಆಮೆನಿ ಕೊಂಚೆಂ ತೆಲ್ಲಗಾ ಚೇಯಂಡಿ" ಎಂದರು. ಅಂದರೆ, ಅವಳನ್ನೇ ಸ್ವಲ್ಪ ಬೆಳ್ಳಗೆ ಮಾಡಬೇಕು. ನಕಲಿ ಒಪ್ಪವಾಗಿ ಕಾಣಲು ಅಸಲಿಯನ್ನು ಕೆಡಿಸಬೇಕು.

ನನಗೆ ಮೈಯೆಲ್ಲ ಉರಿಯಿತು. ಆದರೂ ಬ್ರಷ್ ಕೈಗೆತ್ತಿಕೊಂಡೆ. ಆ ಉರಿ ಇಂದಿಗೂ ಆರಿಲ್ಲ. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಮಾರಕ್ಕ ಕನ್ನಡಿ ನೋಡುತ್ತ ಕೇಳಿದಳು: "ಆಯಮ್ಮನ್ನ ಕರ್ರಗೆ ಮಾಡಿದ್ರಿ, ನನ್ನ ಬೆಳ್ಳಗೆ ಮಾಡ್ತಾ ಇದ್ದೀರಿ. ಇಬ್ರೂ ಇದ್ದಂಗೇ ನಿಂತ್ಕಂಡಿದ್ರೆ ಕ್ಯಾಮ್ರಾ ಕೆಟ್ಟೋಯ್ತಿತ್ತೇನಣ್ಣ?"

"ಸುಮ್ನಿರಕ್ಕ, ಅವರು ಹೇಳ್ದಂಗೆ ಮಾಡೋದಷ್ಟೇ ನಮ್ಮ ಕೆಲ್ಸ" ಎಂದೆ. ಇಡೀ ವೃತ್ತಿಯಲ್ಲಿ ಅದಕ್ಕಿಂತ ಹೇಡಿ ಮಾತನ್ನು ನಾನು ಆಡಿಲ್ಲ.

ಆಮೇಲೆ ಡಬ್ಬಿಂಗ್‌ನಲ್ಲಿ ಅವಳ ಎರಡು ಮಾತಿಗೂ ಬೇರೊಬ್ಬರ ದನಿ ಕೂಡಿಸಿದರು. ಸಿನಿಮಾ ಕಲ್ಯಾಣದುರ್ಗಕ್ಕೆ ಬಂದಾಗ ಮಾರಕ್ಕ ಒಂದು ಟ್ರ್ಯಾಕ್ಟರ್ ತುಂಬ ಊರವರನ್ನು ಕರೆದುಕೊಂಡು ಹೋದಳಂತೆ. ಮಾರನೆಯ ದಿನ ಫೋನ್ ಮಾಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

"ಊರೋರೆಲ್ಲ ನನ್ನ ಹುಡುಕ್ತಾ ಕುಂತಿದ್ರು ಕಣಣ್ಣ. ಎಷ್ಟ್ ಹುಡುಕಿದ್ರೂ ನಂಗೂ ನಾನು ಸಿಗ್ನಿಲ್ಲ" ಎಂದಳು.

ಈಗ ಆ ಕಾಲದ ಸ್ಪ್ಯಾನಿಷ್ ಚಿತ್ರ ಯಾವುದಾದರೂ ಸಿಕ್ಕರೆ ನಾನು ತಾರೆಯನ್ನು ನೋಡುವುದಿಲ್ಲ, ಹಿಂದೆ ಕೂತವರ ಮುಖ ನೋಡುತ್ತೇನೆ. ಅಂಥವರನ್ನು ಹಿಂದಕ್ಕೆ ತಳ್ಳುವುದು ದೊಡ್ಡವರ ತೀರ್ಮಾನ ಎಂದು ಬಹಳ ವರ್ಷ ನಂಬಿದ್ದೆ. ಅದು ಸುಳ್ಳು. ಆ ತೀರ್ಮಾನವನ್ನು ಮುಖಕ್ಕೆ ಹಚ್ಚಲು ಕಸುಬು ಬಲ್ಲ ಒಂದು ಕೈ ಬೇಕು. ಅವತ್ತು ನಾನು ಬ್ರಷ್ ಕೆಳಗಿಟ್ಟಿದ್ದರೆ ಆ ಬಯಲಿನಲ್ಲಿ ಆ ಕೆಲಸ ಬಲ್ಲ ಇನ್ನೊಬ್ಬ ಇರಲಿಲ್ಲ. ನಾನು ಕೆಳಗಿಡಲಿಲ್ಲ.