ಗೈಡ್ ಪಟ್ಟಿಗೆ ಅಂಟಿದ ಅಕ್ಕಿಕಾಳು

ಯಲಬುರ್ಗಾದ ಅಜ್ಜನ ಮನೆ ಕೆಡವಿದಾಗ ಅವ್ವ ಕೇಳಿದ್ದು ಬಾಗಿಲಿನ ಒಂದು ತೇಗದ ಹಲಗೆಯನ್ನು ಮಾತ್ರ. ಪ್ರತಿ ಯುಗಾದಿಗೆ ಅಜ್ಜ ಅವಳನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಮೊಳೆಯಿಂದ ಗೀಟು ಎಳೆಯುತ್ತಿದ್ದರಂತೆ. ಎಲ್ಲಕ್ಕಿಂತ ಮೇಲಿನ ಗೀಟು ಅವರು ತೀರಿಕೊಳ್ಳುವ ಮುಂಚಿನ ಯುಗಾದಿಯದು. ಆಗ ಅವ್ವ ಇನ್ನೂ ಸಾಲೆಗೆ ಹೋಗುವ ಹುಡುಗಿ.

ಹಲಗೆಯನ್ನು ಬಸ್ಸಿಗೆ ಏರಿಸುವಾಗ ಕಂಡಕ್ಟರ್ ನಕ್ಕ. "ಬಾಗಲಾ ಹೊತ್ಕೊಂಡು ಹೊಂಟೀರಲ್ಲ ಅಕ್ಕಾರ, ಮನಿ ಹಿಂದಿನ ಬಸ್ಸಿಗೆ ಬರತೈತೇನು?"

ಗಂಗಾವತಿಯಲ್ಲಿ ಮನೆಗೆ ಹೊಂದಿಕೊಂಡೇ ಅಪ್ಪನದು ಮರಗೆಲಸದ ಅಂಗಡಿ. ಹಲಗೆಯ ಒಂದು ಅಂಚನ್ನು ಗೆದ್ದಲು ಗೀಟುಗಳ ಸಮೀಪದವರೆಗೂ ತಿಂದಿತ್ತು. ಅಷ್ಟನ್ನು ಉದ್ದಕ್ಕೆ ಸೀಳಿ ತೆಗೆದು, ಉಳಿದದ್ದನ್ನು ಪಡಸಾಲೆಯ ಗೋಡೆಗೆ ನಿಲ್ಲಿಸಬೇಕಿತ್ತು.

ಟೇಬಲ್ ಗರಗಸದಲ್ಲಿ ಸೀಳುವಾಗ ಹಲಗೆಯ ನೇರ ಅಂಚು, ಬ್ಲೇಡಿಗೆ ಸಮಾನಾಂತರವಾಗಿ ಕೂರಿಸಿದ ಗೈಡ್ ಪಟ್ಟಿಯನ್ನು ಕೊನೆಯವರೆಗೂ ಒತ್ತಿಕೊಂಡೇ ಸಾಗಬೇಕು. ತುಸು ಓರೆಯಾದರೂ ಬ್ಲೇಡು ಅದನ್ನು ಕಚ್ಚಿ ಹಿಂದಕ್ಕೆ ಎಸೆಯುತ್ತದೆ. ಅಪ್ಪ ಬ್ಲೇಡಿನ ಮುಂದಿನ ಹಲ್ಲಿನಿಂದಲೂ ಹಿಂದಿನ ಹಲ್ಲಿನಿಂದಲೂ ಪಟ್ಟಿಗಿರುವ ಅಂತರ ಅಳೆದರು, ಎರಡೂ ಸಮ ಇದ್ದವು. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು, ತಳ್ಳುವ ಕೋಲನ್ನು ಕೈಗೆ ತೆಗೆದುಕೊಂಡರು. ನಾನು ಆಚೆ ತುದಿಯಲ್ಲಿ ಹಲಗೆಗೆ ಆಸರೆ ಕೊಡಲು ನಿಂತೆ.

ಕೆಳಗಿನ ಗೀಟುಗಳು ಸುರಕ್ಷಿತವಾಗಿ ದಾಟಿದವು. ಆಮೇಲೆ ಹಲಗೆ ಒಮ್ಮೆಲೇ ನಡುಗಿತು. ಬ್ಲೇಡು ಪೆನ್ಸಿಲ್ ಗೆರೆ ಬಿಟ್ಟು ಒಳಗೆ ತಿಂದಿತು, ಹಲಗೆ ಹಿಂದಕ್ಕೆ ಹಾರಿ ಶಟರಿಗೆ ಬಡಿಯಿತು. ಅಪ್ಪನ ಕೈಗೆ ಏನೂ ಆಗಲಿಲ್ಲ. ಮೇಲಿನ ಗೀಟಿದ್ದ ಜಾಗ ಮಾತ್ರ ಸೀಳಿ ಎದ್ದುಹೋಗಿತ್ತು.

ಮಷೀನು ನಿಂತ ಮೇಲೆ ಅಪ್ಪ ಗೈಡ್ ಪಟ್ಟಿಯ ಮೇಲೆ ಬೆರಳಾಡಿಸಿದರು. ಬ್ಲೇಡಿನಾಚೆ, ಪಟ್ಟಿಯ ತುದಿಯಲ್ಲಿ ಎಣ್ಣೆಗುಂಕುಮದ ಬೊಟ್ಟು ಒಣಗಿ ಗಟ್ಟಿಯಾಗಿತ್ತು, ಅದರೊಳಗೊಂದು ಅಕ್ಕಿಕಾಳು. ಆಯುಧಪೂಜೆಯ ದಿನ ಅವ್ವ ಇಟ್ಟದ್ದು. ಪೂಜೆಯ ಬೊಟ್ಟನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಅಲ್ಲಿಯವರೆಗೆ ಸೀಳಿದ ಗಿಡ್ಡ ತುಂಡುಗಳು ಆ ತುದಿಯನ್ನು ಮುಟ್ಟಿರಲಿಲ್ಲ. ಈ ಉದ್ದ ಹಲಗೆ ಮಾತ್ರ ಅದಕ್ಕೆ ತಗುಲಿ ಓರೆಯಾಗಿತ್ತು.

ಅಪ್ಪ ನನ್ನ ಮುಖ ನೋಡಿದರು. ಹೆಬ್ಬೆರಳ ಉಗುರಿನಿಂದ ಕಾಳನ್ನು ಕೆರೆದು ತೆಗೆದರು.

ಸಪ್ಪಳ ಕೇಳಿ ಅವ್ವ ಒಳಗಿನಿಂದ ಓಡಿ ಬಂದಳು. ಮೊದಲು ಅಪ್ಪನ ಎರಡೂ ಕೈಗಳನ್ನು ತಿರುಗಿಸಿ ನೋಡಿದಳು, ಆಮೇಲೆ ಹಲಗೆಯನ್ನು.

"ಬ್ಲೇಡ್ ಮೊಂಡ ಆಗಿತ್ತು," ಎಂದರು ಅಪ್ಪ.

"ಹೊಸಾದು ತರ್ರಿ ಅಂತ ಎಷ್ಟ್ ಸಲ ಬಡ್ಕೊಂಡೀನಿ! ಊರ ಮಂದಿ ಬಾಗಲಾ ಎಲ್ಲಾ ನೆಟ್ಟಗ ಮಾಡ್ತೀರಿ, ನಮ್ಮಪ್ಪನ್ದು ಬಂದ್ರ ಬ್ಲೇಡ್ ಮೊಂಡ ಆಕ್ಕೈತಿ." ಸೀಳಿದ ಜಾಗವನ್ನು ಸವರಿ ಅವಳೇ ಹೇಳಿದಳು: "ಹೋಗ್ಲಿ. ಕೈ ಉಳೀತಲ್ಲ."

ಹಲಗೆ ಈಗ ಪಡಸಾಲೆಯಲ್ಲಿದೆ. ಆ ಮೊಂಡ ಬ್ಲೇಡಿನ ಮಾತನ್ನು ಅವ್ವ ಬಂದವರೆದುರೆಲ್ಲ ಎತ್ತುತ್ತಾಳೆ. ಅಪ್ಪ ತಲೆಯಾಡಿಸಿ ಚಹಾ ಕುಡಿಯುತ್ತಾರೆ, ನಾನು ಅವರ ಕಪ್ಪಿಗೆ ಇನ್ನಷ್ಟು ಬಗ್ಗಿಸುತ್ತೇನೆ. ಒಮ್ಮೊಮ್ಮೆ ಕಸ ಗುಡಿಸುತ್ತ ಅವ್ವ ಹಲಗೆಯ ಮುಂದೆ ನಿಲ್ಲುತ್ತಾಳೆ. ಸೀಳಿಹೋದ ಜಾಗದೆದುರು ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿಯುತ್ತಾಳೆ, ಮತ್ತೆ ಕೊರಳ ಮಟ್ಟಕ್ಕೆ ಏರಿಸುತ್ತಾಳೆ.

"ಇಲ್ಲೇ ಇತ್ತೇನವಾ?" ಎಂದು ನನ್ನನ್ನು ಕೇಳುತ್ತಾಳೆ.