ತಾಮ್ರದ ಪೈಪಿಗೆ ಸುತ್ತಿದ ಟೇಪು

ನಾನು ಪ್ಲಂಬರ್. ಹಲಸೂರಿನ ಓಣಿಗಳಲ್ಲಿ ನಲ್ಲಿ, ಟ್ಯಾಂಕು ಎಂದು ಇಪ್ಪತ್ತು ವರ್ಷ ಕೈ ಒದ್ದೆ ಮಾಡಿಕೊಂಡವನು. ಪೈಪು ಜೋಡಿಸುವುದೆಂದರೆ ನನಗೆ ಗೊತ್ತಿದ್ದದ್ದು ಎರಡೇ: ತುದಿಯ ತಿರುಪು ಗೆರೆಗೆ, ಅಂದರೆ ಥ್ರೆಡ್ಡಿಗೆ, ಬಿಳಿ ಟೇಪು ಸುತ್ತುವುದು, ನಟ್ಟು ಬಿಗಿಯಾದ ಮೇಲೂ ಇನ್ನರ್ಧ ಸುತ್ತು ತಿರುಗಿಸುವುದು. ನೀರಿನ ಪೈಪಿನಲ್ಲಿ ಅದು ಎಂದೂ ಕೈಕೊಟ್ಟಿರಲಿಲ್ಲ. ಆ ಸೊಕ್ಕಿನಲ್ಲೇ ಗ್ಯಾಸ್ ಪೈಪಿಗೂ ಕೈಹಾಕಿದೆ.

ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಗಳ ಹಿಂದೆ ಕಲಬುರಗಿ ಕಡೆಯ ಹೆಂಗಸೊಬ್ಬಳು ಬಾಡಿಗೆ ಕೋಣೆಯಲ್ಲೇ ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಸಿಲಿಂಡರ್ ಹೊರಗಿಡಬೇಕೆಂದು ಮನೆ ಮಾಲೀಕ ಹಟ ಹಿಡಿದಿದ್ದ. ಗೋಡೆ ಕೊರೆದು, ತಾಮ್ರದ ಪೈಪು ಎಳೆದು ಒಲೆಗೆ ಸೇರಿಸಿದವನು ನಾನು. ಪೈಪಿನ ತುದಿಯನ್ನು ಕಹಳೆಯ ಬಾಯಿಯ ಹಾಗೆ ಅಗಲಿಸಬೇಕು. ಅದಕ್ಕೆ ಫ್ಲೇರ್ ಎನ್ನುತ್ತಾರೆ. ಮೊದಲ ಸಲ ನಟ್ಟು ತೂರಿಸುವುದನ್ನೇ ಮರೆತು ಬಾಯಿ ಅಗಲಿಸಿಬಿಟ್ಟೆ; ಅಗಲಿಸಿದ ಮೇಲೆ ನಟ್ಟು ತೂರುವುದಿಲ್ಲ. ನನ್ನನ್ನೇ ಬೈದುಕೊಂಡು, ತುದಿ ಕತ್ತರಿಸಿ ಮತ್ತೆ ಮಾಡಿದೆ. ಟೇಪು ಸುತ್ತಿದೆ, ಬಿಗಿದೆ, ಸೋಪಿನ ನೀರು ಹಚ್ಚಿದೆ. ಗುಳ್ಳೆ ಏಳಲಿಲ್ಲ. ಮಹಾ ಕೆಲಸ ಮಾಡಿದವನಂತೆ ಮನೆಗೆ ಬಂದೆ.

ಆರನೆಯ ದಿನ ಅವಳ ಫೋನು ಬಂತು. ನಾನು ಇಂದಿರಾನಗರದಲ್ಲಿ ಯಾವುದೋ ಹೋಟೆಲಿನ ಟ್ಯಾಂಕಿನ ಮೇಲಿದ್ದೆ.

"ಅಣ್ಣಾರ, ಒಲಿ ಕಡಿ ಸಣ್ಣಗ ವಾಸನಿ ಬರ್ಲಿಕತ್ತದ್ರಿ."

"ಹೊಸ ಪೈಪ್ ಅಲ್ವೇನಮ್ಮಾ, ಎರಡು ದಿನ ಇರುತ್ತೆ. ಆಮೇಲೆ ಹೋಗ್ಬಿಡುತ್ತೆ."

ಎಲ್ಲಿಂದ ಬಂತೋ ಆ ಮಾತು. ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಅಷ್ಟು ದೂರ ಹೋಗುವುದಕ್ಕೆ ಬೇಜಾರಾಗಿತ್ತು, ಅಷ್ಟೇ.

ಮರುದಿನ ಮಧ್ಯಾಹ್ನ ಶಿವಾಜಿನಗರದ ಒಂದು ಏಸಿ ರಿಪೇರಿ ಅಂಗಡಿಗೆ ಹೋದೆ. ನೀರಿನ ಕೆಲಸ ಕಡಿಮೆಯಾಗಿತ್ತು. ಏಸಿ ಕೆಲಸ ಕಲಿಯೋಣ ಎಂಬ ಆಸೆ. ಅಂಗಡಿಯ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಒಂದು ತುಂಡು ಪೈಪು ಕೊಟ್ಟು ಜೋಡಿಸು ಎಂದರು. ನಾನು ಜಂಬದಿಂದ ಜೇಬಿನ ಟೇಪು ತೆಗೆದು ಸುತ್ತತೊಡಗಿದೆ. ಅವರು ನನ್ನ ಕೈಗೆ ಫಟ್ಟನೆ ಹೊಡೆದರು.

"ಅರೆ, ಟೇಪ್ ಯಾಕಪ್ಪಾ ಇದಕ್ಕೆ? ನಲ್ಲಿ ಅಂದ್ಕೊಂಡ್ಯಾ? ಗ್ಯಾಸ್ ತಡೆಯೋದು ಥ್ರೆಡ್ ಅಲ್ಲ. ಪೈಪಿನ ಈ ಬಾಯಿ ಹೋಗಿ ಆ ಹಿತ್ತಾಳೆ ಮೂತಿ ಮೇಲೆ ಸರಿಯಾಗಿ ಕೂತ್ಕೋಬೇಕು. ತಾಮ್ರ ಹಿತ್ತಾಳೆಗೆ ಅಂಟ್ಬೇಕು. ನಟ್ಟು ಬರೀ ಹಿಡ್ಕೊಳ್ಳೋಕೆ. ಮಧ್ಯ ಟೇಪ್ ಬಂದ್ರೆ ಹೆಂಗೆ ಕೂರುತ್ತೆ?"

"ಜಾಸ್ತಿ ಬಿಗಿ ಮಾಡಿದ್ರೆ ಚಾಚಾ?"

"ಬಾಯಿ ತೆಳ್ಳಗಾಗಿ ಸೀಳುತ್ತೆ. ಇವತ್ತಲ್ಲ, ನಾಲ್ಕು ದಿನ ಬಿಟ್ಟು. ಏಸಿ ಆದ್ರೆ ರೂಮು ತಣ್ಣಗಾಗಲ್ಲ, ಅಷ್ಟೇ. ಅಡುಗೆ ಗ್ಯಾಸ್ ಆದ್ರೆ..."

ನನ್ನ ಮುಖ ನೋಡಿ ಅವರು ಮಾತು ನಿಲ್ಲಿಸಿದರು. ಖಾನಾವಳಿಯ ಪೈಪಿನ ವಿಷಯ ಹೇಳಿದೆ. ಅವರು ಎರಡು ಸ್ಪ್ಯಾನರು, ಫ್ಲೇರ್ ಮಾಡುವ ಸಾಧನ ನನ್ನ ಚೀಲಕ್ಕೆ ತುಂಬಿ, "ಓಡು" ಎಂದರು.

ಫೋನು ಮಾಡಿದೆ. ಎತ್ತಲಿಲ್ಲ. ಆಟೋ ಹಿಡಿದು ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣ ಸೇರುವಷ್ಟರಲ್ಲಿ ನಾಲ್ಕು ಸಲ ಮಾಡಿದ್ದೆ. ನಿಜ ಹೇಳಬೇಕೆಂದರೆ ನಾನು ಮೊದಲು ಹೆದರಿದ್ದು ನನಗಾಗಿ: ಪೊಲೀಸರು, ಠಾಣೆ, ಹೆಂಡತಿಯ ಮುಖ. ಬೈಯಪ್ಪನಹಳ್ಳಿ ದಾಟುವ ಹೊತ್ತಿಗೆ ಆ ಕೋಣೆಯ ಜೋಲಿ ನೆನಪಾಯಿತು. ಹಳೆಯ ಸೀರೆಯ ಜೋಲಿ, ಅದರಲ್ಲಿ ಅವಳ ಎಂಟು ತಿಂಗಳ ಕೂಸು. ಗ್ಯಾಸು ಮೇಲೇರುವುದಿಲ್ಲ, ನೆಲ ಹಿಡಿದು ಹರಡುತ್ತದೆ. ಜೋಲಿ ನೆಲದಿಂದ ಒಂದು ಗೇಣು ಮೇಲಿತ್ತು. ಕೆ.ಆರ್. ಪುರ ಕಳೆದ ಮೇಲೆ ಕಿಟಕಿಯಲ್ಲಿ ಹೊಗೆ ಹುಡುಕುತ್ತಾ ನಿಂತೆ.

ಕೋಣೆ ಇದ್ದ ಹಾಗೇ ಇತ್ತು. ಬಾಗಿಲು ಕಿಟಕಿ ಎರಡೂ ಮುಚ್ಚಿದ್ದವು. ಹೊರಗಿದ್ದ ಸಿಲಿಂಡರ್ ಬಂದ್ ಮಾಡಿದೆ. ಕಾಲಿಂಗ್ ಬೆಲ್ಲಿನತ್ತ ಹೋದ ಕೈಯನ್ನು, ಕಿಡಿ ಹಾರೀತೆಂದು ಹಿಂದಕ್ಕೆಳೆದುಕೊಂಡು ಬಾಗಿಲು ಬಡಿದೆ. ಮಧ್ಯಾಹ್ನದ ಊಟದವರನ್ನು ಕಳಿಸಿ ಮಲಗಿದ್ದ ಅವಳು ನಿದ್ದೆಗಣ್ಣಿನಲ್ಲಿ ತೆರೆದಳು. ಒಳಗಿನಿಂದ ಮುಖಕ್ಕೆ ಹೊಡೆದದ್ದು ಮಲ್ಲಿಗೆಯ ಪರಿಮಳ. ಒಲೆಯ ಪಕ್ಕ, ನನ್ನ ಪೈಪಿನ ಬುಡದಲ್ಲೇ, ಊದಿನಕಡ್ಡಿ ಉರಿಯುತ್ತಿತ್ತು.

"ವಾಸನಿ ಭಾಳ ಆಗಿತ್ರಿ. ಎರಡು ದಿನ ಇರ್ತದಂತ ನೀವೇ ಹೇಳಿದ್ರಲ್ರಿ, ಅದಕ್ಕ ಹಚ್ಚೀನಿ" ಎಂದಳು.

ಊದಿನಕಡ್ಡಿಯನ್ನು ನೀರಿನ ಚೊಂಬಿಗೆ ಅದ್ದಿದೆ. ಕಿಟಕಿ ತೆರೆದೆ. "ಕೂಸನ್ನ ಎತ್ಕೊಂಡು ಹೊರಗೆ ಹೋಗಿ. ಯಾವ ಸ್ವಿಚ್ಚೂ ಮುಟ್ಬೇಡಿ. ಅದು ಹೊಸ ಪೈಪ್ ವಾಸನೆ ಅಲ್ಲಮ್ಮಾ, ಗ್ಯಾಸು. ತಪ್ಪು ನಂದೇ" ಎಂದೆ. ಅವಳು ಜೋಲಿಯಿಂದ ಕೂಸನ್ನು ಎತ್ತಿಕೊಂಡು ಹೋದಳು.

ಕೋಣೆಗೆ ಚೆನ್ನಾಗಿ ಗಾಳಿಯಾಡಲು ಬಿಟ್ಟು, ಆಮೇಲೆ ನಟ್ಟು ಬಿಚ್ಚಿದೆ. ಫ್ಲೇರಿನ ಅಂಚು ಕಾಗದದಷ್ಟು ತೆಳ್ಳಗಾಗಿ ಒಂದು ಕಡೆ ಸೀಳಿತ್ತು. ಕತ್ತರಿಸಿ, ನಟ್ಟು ಮೊದಲೇ ತೂರಿಸಿ, ಹೊಸದಾಗಿ ಬಾಯಿ ಅಗಲಿಸಿದೆ. ಟೇಪಿಲ್ಲದೆ, ಎರಡು ಸ್ಪ್ಯಾನರು ಹಿಡಿದು ಹದವಾಗಿ ಬಿಗಿದೆ. ಸಿಲಿಂಡರ್ ತೆರೆದು ಸೋಪಿನ ನೀರು ಹಚ್ಚಿ, ಬಗ್ಗಿ ತುಂಬಾ ಹೊತ್ತು ನೋಡಿದೆ. ಗುಳ್ಳೆ ಇರಲಿಲ್ಲ.

"ಆಯ್ತಮ್ಮಾ, ಒಳಗೆ ಬನ್ನಿ."

ಅವಳು ಕೂಸನ್ನು ಎದೆಗವಚಿಕೊಂಡು ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದಳು.

"ಖರೇನ ಸರಿ ಆಗ್ಯದೇನ್ರಿ?"

"ಹೂಂ."

"ಹಂಗಾದ್ರ ಒಲಿ ನೀವೇ ಹಚ್ರಿ. ನಾವು ಇಲ್ಲೇ ಇರ್ತೀವಿ."

ಬೆಂಕಿಪೊಟ್ಟಣ ತೆಗೆದುಕೊಂಡೆ. ಎರಡು ಕಡ್ಡಿ ಕೈಯಲ್ಲೇ ಮುರಿದವು. ಪೊಟ್ಟಣ ಕೆಳಗಿಟ್ಟು, ಸೋಪಿನ ನೀರು ಇನ್ನೊಮ್ಮೆ ಹಚ್ಚಿ ನೋಡಿ, ಆಮೇಲೆ ಮೂರನೆಯದನ್ನು ಗೀರಿದೆ.