ಕೆಂಪು ಕಾರಿಗೆ ಕಟ್ಟಿದ ಕೊಟ್ಟೆ

ಅರಬೈಲ್ ಘಟ್ಟ ಹತ್ತುವಾಗ ನಮ್ಮ ಸ್ಪೋರ್ಟ್ಸ್ ಕಾರನ್ನು ಮೊದಲು ಹಿಂದೆ ಹಾಕಿದ್ದು ಒಂದು ಲಾರಿ. ಹೋಗಲಿ ಬಿಡಿ, ಖಾಲಿ ಲಾರಿ. ಆಮೇಲೆ ಬಂದದ್ದು ಬಾಳೆಗೊನೆ ತುಂಬಿಕೊಂಡ ಗೂಡ್ಸ್ ರಿಕ್ಷಾ. ಗೊನೆಗಳ ನಡುವೆ ಕೂತಿದ್ದ ಅಜ್ಜಿಯೊಬ್ಬಳು ನಮ್ಮ ಕಡೆ ನೋಡಿ ಕೈ ಬೀಸಿದಳು.

ನಾನೂ ಬೀಸಿದೆ. ಮತ್ತೇನು ಮಾಡಲಿ?

ಕಾರು ಕೆಂಪು. ಎರಡೇ ಬಾಗಿಲು. ಹಿಂದಿನ ಸೀಟು ಹೆಸರಿಗೆ ಮಾತ್ರ, ಅಲ್ಲಿ ಒಂದು ತೆಂಗಿನಕಾಯಿ ಚೀಲ ಕೂತರೆ ಹೆಚ್ಚು. ಇಂಥ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ತೆವಳುತ್ತಿದೆ. ಪಕ್ಕದಲ್ಲಿ ನಮ್ಮನೆಯವರು ಸ್ಟೀರಿಂಗ್ ಹಿಡಿದು, ತುಟಿ ಬಿಗಿದು ಕೂತಿದ್ದಾರೆ. ನನಗೆ ಒಳಗೊಳಗೇ ಖುಷಿ. ಈ ಕಾರು ಮನೆಗೆ ಬಂದ ದಿನದಿಂದ ಇದು ಯಾವಾಗ ತೊಲಗೀತು ಎಂದು ಕಾಯುತ್ತಿದ್ದವಳು ನಾನು.

"ಎಂತೋ ಆಜು. ಉಸಿರೇ ಇಲ್ಲೆ ಇದಕ್ಕೆ" ಎಂದರು.

ನಾನು ಕಿಟಕಿಯಾಚೆ ನೋಡಿದೆ. (ಗಂಡಸರು ಕಾರಿನ ಬಗ್ಗೆ ಮಾತಾಡುವಾಗ ಸುಮ್ಮನಿರುವುದು ಸಂಸಾರಕ್ಕೆ ಒಳ್ಳೆಯದು.)

ನಮ್ಮನೆಯವರು ಯಲ್ಲಾಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಶಿರಸಿಯಿಂದ ದಿನಾ ಹೋಗಿ ಬರುವುದು. ಹಿಂದಿನ ವರ್ಷ ಪಾಠ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡರು. ಹುಬ್ಬಳ್ಳಿಗೆ ಓಡಿದೆವು, ಸ್ಟೆಂಟ್ ಹಾಕಿದರು, ಎಲ್ಲ ಸರಿಯಾಯಿತು. ಡಾಕ್ಟರ್ ಪ್ರಕಾರ ಎಲ್ಲ ಸರಿ. ಮನೆಗೆ ಬಂದವರು ಮಾತ್ರ ಬೇರೆ ಮನುಷ್ಯ. ಬಕೆಟ್ ಎತ್ತಲು ಹೆದರಿಕೆ. ಮೆಟ್ಟಿಲು ಹತ್ತಲು ಹೆದರಿಕೆ. ನಗಲು ಕೂಡ ಹೆದರಿಕೆ, ಜೋರಾಗಿ ನಕ್ಕರೆ ಏನಾದರೂ ಸಡಿಲವಾದೀತು ಎಂಬಂತೆ. ನಡೆಯುವಾಗ ಆಗಾಗ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಸಂತೆಯಲ್ಲಿ ಪಾಕೀಟು ಇದೆಯೋ ಇಲ್ಲವೋ ಎಂದು ಜೇಬು ಮುಟ್ಟಿಕೊಳ್ಳುವ ಹಾಗೆ. ಡ್ರೈವಿಂಗ್ ಬಿಟ್ಟೇಬಿಟ್ಟರು. ಕಾಲೇಜಿಗೆ ಬಸ್.

ಆ ಮನುಷ್ಯ ಒಂದು ದಿನ ಗೋವಾದಲ್ಲಿ ಯಾರೋ ಮಾರುತ್ತಿದ್ದ ಹಳೇ ಸ್ಪೋರ್ಟ್ಸ್ ಕಾರಿನ ಫೋಟೊ ತೋರಿಸಿ, "ಚಂದ ಇದ್ದು ಅಲ್ದಾ?" ಎಂದರು. ನಾನು "ಹೂಂ" ಎಂದೆ. ಆ ಒಂದು ಹೂಂ ಎಷ್ಟು ದೂರ ಹೋಯಿತು ನೋಡಿ!

ಡಾಕ್ಟರನ್ನು ಕೇಳಿದೆ. "ಓಡಿಸಲಿ ಬಿಡಿ, ಏನೂ ತೊಂದರೆಯಿಲ್ಲ" ಎಂದರು. ಡಾಕ್ಟರ್ ಮೇಲೆ ಸಿಟ್ಟು ಬಂತು.

ಹಳೇ ಸ್ಪೋರ್ಟ್ಸ್ ಕಾರನ್ನು ದಿನಾ ಓಡಿಸಬಹುದಾ ಎಂದು ಕೇಳುವವರಿಗೆ ನನ್ನ ಬಳಿ ಈಗ ಉತ್ತರವಿದೆ. ಓಡಿಸಬಹುದು, ರಸ್ತೆಯಲ್ಲಿ ಉಬ್ಬು ಇಲ್ಲದಿದ್ದರೆ. ನಮ್ಮ ಬೀದಿಯ ಉಬ್ಬು ದಾಟಲು ಅಡಿಕೆ ಮರ ಸೀಳಿದ ಎರಡು ದಬ್ಬೆ ಕಾರಿನಲ್ಲೇ ಇಟ್ಟುಕೊಂಡಿದ್ದಾರೆ. ನಾನು ಇಳಿದು ಚಕ್ರದ ಮುಂದೆ ಇಡಬೇಕು, ಕಾರು ದಾಟಿದ ಮೇಲೆ ಎತ್ತಿ ಒಳಗೆ ಹಾಕಬೇಕು. ಟಯರು ಶಿರಸಿಯಲ್ಲಿ ಸಿಗುವುದಿಲ್ಲ. ಹಿಂದಿನ ಯಜಮಾನ ಟ್ರ್ಯಾಕಿನಲ್ಲಿ ಹಿಂಡಿ ಹಿಪ್ಪೆ ಮಾಡಿದ್ದಾನೋ ಇಲ್ಲವೋ ಎಂದು ಕ್ಲಚ್ಚು, ಬ್ರೇಕು, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಎಲ್ಲ ಮೆಕ್ಯಾನಿಕ್‌ಗೆ ತೋರಿಸಬೇಕು. ಇನ್ನು ಇಲಿ. ವೈರ್ ಕಡಿಯದಿರಲೆಂದು ಬಾನೆಟ್ ಒಳಗೆ ತಂಬಾಕಿನ ಎಸಳು ಇಡಬೇಕು. ಮಾವನವರ ಎಲೆಯಡಿಕೆ ಕವಳದ ಸಂಚಿಯಿಂದಲೇ ಅದೂ ಹೋಗುತ್ತಿತ್ತು.

ಆದರೆ ಕಾರು ಬಂದ ಮೇಲೆ ನಮ್ಮನೆಯವರು ಎದೆ ಮುಟ್ಟಿಕೊಳ್ಳುವುದನ್ನು ಬಿಟ್ಟರು. ಇದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಒಪ್ಪಿಕೊಂಡಿರಲಿಲ್ಲ.

ಮಾವನವರ ಬಗ್ಗೆ ಹೇಳಬೇಕು. ಮತ್ತಿಘಟ್ಟದ ತೋಟವನ್ನು ಮೈದುನನಿಗೆ ಒಪ್ಪಿಸಿ ಈಗ ನಮ್ಮ ಜೊತೆ ಶಿರಸಿಯಲ್ಲಿದ್ದಾರೆ. ಎಂಬತ್ತು ದಾಟಿದರೂ ಗಟ್ಟಿ. ಕೊಡೆಯಿಲ್ಲದೆ ಹೊಸ್ತಿಲು ದಾಟುವವರಲ್ಲ, ಏಪ್ರಿಲ್ ಬಿಸಿಲಿನಲ್ಲೂ ಕಂಕುಳಲ್ಲಿ ಕೊಡೆ ಇರಬೇಕು. ಮಳೆಯನ್ನು ಅವರು ಜೀವಮಾನದಲ್ಲಿ ನಂಬಿದವರಲ್ಲ. ಕಾರು ಬಂದ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಂತದಾ ಇದು? ಕಾರಾ, ಇಸ್ತ್ರಿ ಪೆಟ್ಟಿಗೆಯಾ? ಆನಂತೂ ಇದ್ರಲ್ಲಿ ಕೂರ್ತ್ನಿಲ್ಲೆ" ಎಂದು ಒಳಗೆ ಹೋದರು. ಹೇಳಿದ ಹಾಗೇ ನಡೆದುಕೊಂಡರು. ಪೇಟೆಗೆ ಹೋಗಲು ರಿಕ್ಷಾ ಹತ್ತಿದರೇ ಹೊರತು ಮಗನ ಕಾರು ಹತ್ತಲಿಲ್ಲ. ಮನೆಯಲ್ಲಿ ನನ್ನ ಪಕ್ಷಕ್ಕೆ ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಧೈರ್ಯ.

ಅಷ್ಟರಲ್ಲಿ ಟ್ರ್ಯಾಕ್ ಸುದ್ದಿ ಬಂತು. ನಮ್ಮ ಕಡೆ ಟ್ರ್ಯಾಕ್ ಅಂದರೆ ಏನು ಗೊತ್ತಲ್ಲ? ಕೊಯ್ಲು ಮುಗಿದ ಗದ್ದೆ. ಸಿದ್ದಾಪುರದ ಹತ್ತಿರ ಊರ ಹುಡುಗರು ಗದ್ದೆಗೆ ರೋಲರ್ ಹೊಡೆಸಿ, ಹುಲ್ಲಿನ ಕಟ್ಟು ಪೇರಿಸಿ, ಸುಣ್ಣದ ಗೆರೆ ಎಳೆದು ಕಾರ್ ರೇಸ್ ಇಟ್ಟಿದ್ದರು. ಒಬ್ಬೊಬ್ಬರೇ ಓಡಿಸುವುದು, ಗಡಿಯಾರ ಹಿಡಿದು ಸಮಯ ನೋಡುವುದು. ಐವತ್ತು ದಾಟಿದ ನಮ್ಮ ಇತಿಹಾಸದ ಮೇಷ್ಟ್ರು ಹೆಸರು ಕೊಟ್ಟು ಬಂದಿದ್ದರು!

ನಾನು ಅತ್ತೆ, ಬೈದೆ, ಮಾತು ಬಿಟ್ಟೆ. ಅವರು ಹೆಲ್ಮೆಟ್ ತಂದರು.

ರೇಸಿಗೆ ಇನ್ನೊಂದು ವಾರ ಇರುವಾಗ ಅಂಕೋಲೆಯಲ್ಲಿ ಅವರ ಸಹೋದ್ಯೋಗಿಯ ಮನೆ ಗೃಹಪ್ರವೇಶಕ್ಕೆ ಹೋದೆವು. ಘಟ್ಟ ಇಳಿಯುವಾಗ ಕಾರು ಚೆನ್ನಾಗೇ ಇತ್ತು. ಹತ್ತುವಾಗಲೇ ಗೂಡ್ಸ್ ರಿಕ್ಷಾದ ಕತೆ. ಮಧ್ಯೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರು. ಎಲ್ಲ ಅದರದರ ಜಾಗದಲ್ಲಿತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಟರ್ಬೊ ಹೋಗಿರಬೇಕು ಸರ್, ಹಳೇ ಗಾಡಿ ಅಲ್ವಾ" ಎಂದ.

ಸಂಜೆ ಮನೆಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟರು.

"ಮಾರ್ಬುಡನ. ಗದ್ದೆಗೂ ಹೋಪದು ಬ್ಯಾಡ" ಎಂದರು. "ಹಳೇದು ಯಾವತ್ತಿದ್ರೂ ಹಳೇದೇಯ. ರಿಪೇರಿ ಮಾಡಿದ್ದು ಎಷ್ಟು ದಿನ ಬತ್ತು?"

ಹೇಳುತ್ತಾ ಕೈ ಎದೆಯ ಮೇಲೆ ಹೋಯಿತು.

ನಾನು ಇಷ್ಟು ದಿನ ಬೇಡಿಕೊಂಡದ್ದು ಇದೇ ಮಾತಿಗೆ. ಆದರೆ ಆ ಕೈ ನೋಡಿ ನನಗೆ ಭಯವಾಯಿತು. ಅವರು ಹೇಳುತ್ತಿರುವುದು ಕಾರಿನ ಮಾತಲ್ಲ ಎಂದು ಗೊತ್ತಾಯಿತು. ಕಾರು ಹೋದರೆ ಮತ್ತೆ ಆ ಬಸ್ಸಿನ, ಆ ಹೆದರಿಕೆಯ ಮನುಷ್ಯ ಮನೆಗೆ ವಾಪಸ್ ಬರುತ್ತಾರೆ. ಅವರನ್ನು ನನಗೆ ಮತ್ತೆ ನೋಡುವುದು ಬೇಡವಾಗಿತ್ತು. ಮಾರುವುದು ಬೇಡ ಎನ್ನಲು ಬಾಯಿ ಬರಲಿಲ್ಲ, ಅಷ್ಟು ದಿನ ಬೈದಿದ್ದೆನಲ್ಲ!

ಎರಡು ದಿನದಲ್ಲಿ ಹುಬ್ಬಳ್ಳಿಯಿಂದ ಒಬ್ಬ ವ್ಯಾಪಾರಿ ಬಂದ. ಹಳೇ ಕಾರು ಕೊಂಡು ಮಾರುವವನು. ಅಂಗಳದಲ್ಲಿ ಕಾರಿನ ಸುತ್ತ ಓಡಾಡಿದ, ಕೆಳಗೆ ಬಗ್ಗಿದ, ಒಳಗೆ ಕೂತು ಆಕ್ಸಿಲರೇಟರ್ ಒತ್ತಿದ. ನಮ್ಮನೆಯವರು ಕೈಕಟ್ಟಿ ನಿಂತಿದ್ದರು. ಮಾವನವರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಗಾಡಿ ಛಲೋ ಐತ್ರಿ ಸರ. ಟರ್ಬೊ ಹೋಗಿದ್ರ ಈ ಸಪ್ಪಳ ಬರಂಗಿಲ್ಲ" ಎಂದ ವ್ಯಾಪಾರಿ. "ಆದ್ರ ಜೋರ್ ಒತ್ತಿದ್ರ ಉಸಿರು ಸಾಲವಲ್ದು ನೋಡ್ರಿ."

ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು.

"ಉಸಿರು ಎಲ್ಲಿಂದ ತಗತ್ತು ಅದು?" ಎಂದು ಮಾವನವರು ಕೇಳಿದರು.

"ಇಲ್ಲಿಂದರಿ ಅಜ್ಜಾರ, ಈ ಮುಂದಿನ ಪೈಪಿನಿಂದ ಗಾಳಿ ಎಳಕೊಂತೈತಿ" ಎಂದು ಬಾನೆಟ್ ಎತ್ತಿ ತೋರಿಸಿದ.

ಮಾವನವರು ಎಲೆ ಕೆಳಗಿಟ್ಟು ಅಂಗಳಕ್ಕಿಳಿದರು. (ಕೊಡೆ ಹಿಡಿದೇ ಇಳಿದರು, ಅದು ಬೇರೆ.) ಬಾನೆಟ್ ಒಳಗೆ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.

"ತಮಾ, ಅಲ್ಲಿ ಆನು ಕೊಟ್ಟೆ ಕಟ್ಟಿದ್ದೆ" ಎಂದು ಮಗನಿಗೆ ಹೇಳಿದರು.

ಮಳೆಗಾಲದಲ್ಲಿ ಕೊಳೆರೋಗ ಬರದಿರಲೆಂದು ಅಡಿಕೆ ಗೊನೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟುತ್ತೇವಲ್ಲ, ಅದೇ ಕೊಟ್ಟೆ. ಮೇಲೆ ಬಿಗಿ, ಕೆಳಗೆ ಲಂಗದ ಹಾಗೆ ಸಡಿಲ. ಕಾರಿನ ಗಾಳಿಯ ಪೈಪಿಗೆ ಥೇಟ್ ಅಂಥದ್ದೇ ಒಂದು ಪುಟ್ಟ ಕೊಟ್ಟೆ! ಮೆಲ್ಲಗೆ ಹೋದರೆ ಕೆಳಗಿನಿಂದ ಗಾಳಿ ಸಿಗುತ್ತಿತ್ತು. ಘಟ್ಟದಲ್ಲಿ ಜೋರಾಗಿ ಒತ್ತಿದರೆ ಆ ಪ್ಲಾಸ್ಟಿಕ್ಕೇ ಒಳಗೆ ಎಳೆದುಕೊಂಡು ಪೈಪಿನ ಬಾಯಿ ಮುಚ್ಚುತ್ತಿತ್ತು. ನಮ್ಮನೆಯವರು ಅದನ್ನು ಘಟ್ಟದಲ್ಲೇ ನೋಡಿದ್ದರಂತೆ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿತ್ತೆಂದರೆ, ಕಂಪನಿಯದೇ ಫಿಟ್ಟಿಂಗ್ ಇರಬೇಕೆಂದು ಸುಮ್ಮನಾಗಿದ್ದರು!

ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಾವನವರಿಗೆ ನಗು ಬರಲಿಲ್ಲ.

"ಹೋದ ವಾರ ಅಕಾಲದಲ್ಲಿ ಮಳೆ ಬಂತಲಾ. ನೀನು ಇಲಿ ನೋಡಲೆ ಹೇಳಿ ಬಾನೆಟ್ ತೆಗೆದಿಟ್ಟು ಒಳಗೆ ಹೋಗಿದ್ದೆ. ಆ ಪೈಪು ಬಾಯಿ ಬಿಟ್ಕಂಡು ನಿಂತಿತ್ತು. ನೀರು ಹೊಕ್ಕಿ ದಾರಿ ಮೇಲೆ ಕೆಟ್ಟು ನಿಂತ್ರೆ, ನೀನು ಒಬ್ಬನೇ ತಳ್ಳಲೆ ಹೋದ್ರೆ..." ಎಂದು ನಿಲ್ಲಿಸಿದರು. ಕೊಡೆಯ ಹಿಡಿಯನ್ನು ಉಜ್ಜಿದರು. "ನಿನ್ನ ಎದೆಗೆ ಎಂತ ಮಾಡಕ್ಕು ಹೇಳಿ ಡಾಕ್ಟ್ರಿಗೆ ಗೊತ್ತಿದ್ದು. ನಂಗೆ ಗೊತ್ತಿಪ್ಪದು ಕೊಟ್ಟೆ ಕಟ್ಟದು ಒಂದೇಯ."

ವ್ಯಾಪಾರಿಯ ನಗು ನಿಂತಿತು. ಮಾವನವರು ಕಾರಿನ ಮೇಲೆ ಸಿಟ್ಟಾಗಿದ್ದಾರೆ, ನನ್ನ ಪಕ್ಷದವರು ಎಂದುಕೊಂಡಿದ್ದೆನಲ್ಲ! ಅವರು ಇದ್ದದ್ದು ಮಗನ ಪಕ್ಷ.

ನಮ್ಮನೆಯವರು ಬಗ್ಗಿ ಆ ಕೊಟ್ಟೆಯನ್ನು ಬಿಚ್ಚಿದರು. ಎಸೆಯಲಿಲ್ಲ, ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ವ್ಯಾಪಾರಿ ಮತ್ತೆ ಸ್ಟಾರ್ಟ್ ಮಾಡಿ ಒತ್ತಿದ. ಎದುರು ಮನೆಯ ನಾಯಿ ಎದ್ದು ಓಡಿತು!

"ಇದನ್ನ ನಾ ಬಿಡಂಗಿಲ್ರಿ ಸರ, ಇವತ್ತ ತಗೊಂಡು ಹೊಕ್ಕೀನಿ" ಎಂದ.

ನಮ್ಮನೆಯವರು ನನ್ನ ಮುಖ ನೋಡಿದರು. ಅಪ್ಪನ ಮುಖವನ್ನಲ್ಲ, ನನ್ನದನ್ನೇ.

"ಮಾರುವುದಿಲ್ಲ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

"ಸುಮ್ಮನ ಬಂದಂಗಾತಲ್ರಿ ಅಕ್ಕಾರ" ಎಂದು ವ್ಯಾಪಾರಿ ಪೇಚಾಡಿದ. ಹಲಸಿನ ಹಪ್ಪಳ ಕರಿದು, ಚಹಾ ಕೊಟ್ಟು, ಮಾವನವರ ತಟ್ಟೆಯಿಂದ ಒಂದು ಕವಳವನ್ನೂ ಹಾಕಿಸಿ ಕಳಿಸಿದೆವು.

ಒಂದು ವಿಷಯ ಹೇಳಲೇ? ಕೊಟ್ಟೆ ಕಟ್ಟುವವರಿಗೆ ತಾವು ಗಾಳಿ ಮುಚ್ಚುತ್ತಿದ್ದೇವೆ ಎಂಬ ಅನುಮಾನವೂ ಇರುವುದಿಲ್ಲ. ಪ್ರೀತಿಯಿಂದ ಕಟ್ಟಿರುತ್ತಾರೆ. ಪೇಟೆಯೊಳಗೆ ನಿಧಾನಕ್ಕೆ ಓಡಾಡುವಾಗ ಏನೂ ಗೊತ್ತಾಗುವುದೂ ಇಲ್ಲ. ಘಟ್ಟ ಬಂದಾಗಲೇ ಉಸಿರು ಕಟ್ಟುವುದು. ನಮ್ಮ ಮನೆಗಳಲ್ಲಿ ಹೀಗೆ ಎಷ್ಟು ಕೊಟ್ಟೆಗಳಿವೆಯೋ! ಮಗಳನ್ನು ಈಜಲು ಬಿಡದವರು, ಅಜ್ಜನಿಗೆ ಕತ್ತಿ ಮುಟ್ಟಲು ಬಿಡದವರು, ಕಾಯಿಲೆಯಿಂದ ಎದ್ದವರಿಗೆ ಒಂದು ಚೊಂಬು ನೀರು ಎತ್ತಲೂ ಬಿಡದವರು. ಈ ಪಟ್ಟಿಯ ಕೊನೆಯ ಸಾಲಿನಲ್ಲಿ ನಾನಿದ್ದೇನೆ, ಹುಡುಕಬೇಡಿ.

ಭಾನುವಾರ ನಮ್ಮನೆಯವರು ರೇಸಿಗೆ ಬೇಗ ಹೊರಟರು. ಮಾವನವರು ಕಾರು ಹತ್ತಲು ಒಪ್ಪದ್ದರಿಂದ ನಾನೂ ಅವರೂ ಸಿದ್ದಾಪುರದ ಬಸ್ ಹಿಡಿದೆವು. ನನ್ನ ಚೀಲದಲ್ಲಿ ಬಿಪಿ ನೋಡುವ ಮಶೀನು, ಮಾತ್ರೆ, ಉಪ್ಪು ಕಡಿಮೆ ಹಾಕಿದ ಅವಲಕ್ಕಿ, ಒಂದು ಸ್ವೆಟರ್. ಗದ್ದೆಯ ಬದಿಯಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ ನಮ್ಮನೆಯವರು ಚೀಲದೊಳಗೆ ಇಣುಕಿದರು.

"ಇನ್ನೊಂದು ಕೊಟ್ಟೆ ಬಾಕಿ ಇದ್ದು. ಇದನ್ನ ಯಾವಾಗ ಬಿಚ್ಚದು?" ಎಂದರು.

ನಾನು ಚೀಲದ ಬಾಯಿ ಮುಚ್ಚಿದೆ. ಹೆಲ್ಮೆಟ್ ಪಟ್ಟಿಯನ್ನು ಮಾತ್ರ ನಾನೇ ಬಿಗಿದೆ.

ಕೆಂಪು ಕಾರು ಗದ್ದೆಗೆ ಇಳಿಯಿತು. ಧೂಳೆದ್ದಿತು. ಮೊದಲ ತಿರುವಿನಲ್ಲೇ ಒಂದು ಹುಲ್ಲಿನ ಕಟ್ಟು ಹಾರಿತು, ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಾರು ಆಚೆ ಬದಿಯಲ್ಲಿತ್ತು. ಪಕ್ಕದಲ್ಲಿ ಯಾರೋ ಕೂಗುತ್ತಿದ್ದಾರೆ, "ಹೊಡಿ ತಮಾ, ಹೊಡಿ! ಬಿಡಡ!" ತಿರುಗಿ ನೋಡಿದರೆ ಮಾವನವರು, ಕೊಡೆಯನ್ನು ಕತ್ತಿಯಂತೆ ಎತ್ತಿ ಹಿಡಿದಿದ್ದಾರೆ!

ನಮ್ಮನೆಯವರು ಕೊನೆಯಿಂದ ಎರಡನೆಯವರಾದರು. (ಕೊನೆಯವರ ಕಾರು ಸ್ಟಾರ್ಟೇ ಆಗಲಿಲ್ಲ.) ಹೆಲ್ಮೆಟ್ ತೆಗೆದು, ಮುಖ ತುಂಬ ಧೂಳು ಮೆತ್ತಿಕೊಂಡು, ಜೋರಾಗಿ ನಗುತ್ತಾ ಬಂದರು. ಆ ನಗುವನ್ನು ನಾನು ಕಂಡದ್ದು ಅವರು ಆಸ್ಪತ್ರೆ ಸೇರುವ ಮುಂಚೆ. ಎದೆ ಮುಟ್ಟಿಕೊಳ್ಳಲಿಲ್ಲ. ನಾನು ಮಶೀನು ಹೊರಗೆ ತೆಗೆಯಲಿಲ್ಲ.

"ಹ್ಯಾಂಗಾತು ಅಪ್ಪಯ್ಯ?"

"ಅಡ್ಡಿಲ್ಲೆ" ಎಂದರು ಮಾವನವರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೂ ಬಂದಿಲ್ಲ.

ಹೊರಡುವ ಹೊತ್ತಿಗೆ ಆಕಾಶದಲ್ಲಿ ಮೋಡ ಕಟ್ಟಿತ್ತು. ನಾನು ಬಸ್ಸಿಗೆ ಹೊರಡೋಣ ಎಂದು ಮಾವನವರನ್ನು ಹುಡುಕಿದರೆ, ಅವರು ಕಾರಿನ ಹತ್ತಿರ ನಿಂತಿದ್ದಾರೆ. ಬಾಗಿಲು ತೆಗೆದು, ಬಗ್ಗಿ, ಒಂದು ಕೈ ಮಗನ ಹೆಗಲ ಮೇಲಿಟ್ಟು ನನ್ನ ಸೀಟಿನಲ್ಲಿ ಕೂತೇಬಿಟ್ಟರು. "ತಂಗಿ, ನೀನು ಬಸ್ಸಿಗೆ ಬಾ" ಎಂದು ನನಗೆ ಹೇಳಿದರು. ಕಾರು ಹೊರಟಿತು. ಧೂಳು ಅಡಗಿದ ಮೇಲೆ ನೋಡಿದರೆ ಗದ್ದೆಯ ಬದಿಯಲ್ಲಿ ಅವರ ಕೊಡೆ ಬಿದ್ದಿತ್ತು. ಎತ್ತಿಕೊಂಡು ಬಸ್ ಹತ್ತಿದೆ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದೆ.

ಹಳೇ ಕಾರನ್ನು ನಂಬಬಹುದಾ ಎಂದು ಕೇಳುತ್ತೀರಲ್ಲ, ಮೋಡ ಕಟ್ಟಿದ ದಿನ ಕೊಡೆ ಮರೆತು ಹತ್ತಿದ ಮಾವನವರಿಗಿಂತ ದೊಡ್ಡ ಗ್ಯಾರಂಟಿ ಯಾವ ಶೋರೂಮಿನವರು ಕೊಟ್ಟಾರು?